ತಿರುಗುವ ತಟ್ಟೆಯ ಚಿತ್ರ ನೋಡಿ ಹನಿ ಅಳೆಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಡೆಯ ಕಾಲೇಜು ಲ್ಯಾಬುಗಳಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ, ನೀರು ಮತ್ತು ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್ನರಿಗೆ. ವಸ್ತು ಏನೆಂದು ಮೊದಲು ಹೇಳಿಬಿಡುತ್ತೇನೆ. ಸಿ.ಡಿ. ಗಾತ್ರದ ಅಕ್ರಿಲಿಕ್ ತಟ್ಟೆ. ಅದರೊಳಗೆ ಸಣ್ಣ ಕಾಲುವೆಗಳು, ಪುಟ್ಟ ಕೋಣೆಗಳು. ನಡುಭಾಗದಲ್ಲಿ ಒಂದು ಹನಿ ಬಿಟ್ಟು ಮೋಟಾರಿನ ಮೇಲೆ ಕೂರಿಸಿ ತಿರುಗಿಸಿದರೆ, ಹನಿ ಅಂಚಿನ ಕಡೆ ಓಡಿ ಕೋಣೆ ತುಂಬುತ್ತದೆ, ರಾಸಾಯನಿಕದ ಜೊತೆ ಬೆರೆತು ಬಣ್ಣ ತೋರಿಸುತ್ತದೆ. ಪಂಪು ಬೇಡ, ನಳಿಕೆ ಬೇಡ. ಮೇಲಿಂದ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ದ್ರವ ಎಷ್ಟು ಜಾಗ ಹಿಡಿದಿದೆ ಎಂದು ಕಂಪ್ಯೂಟರ್ ಎಣಿಸಿ ‘ಇಷ್ಟು ಮೈಕ್ರೊಲೀಟರ್’ ಎನ್ನುತ್ತದೆ. ಜನ ಎಡವುವುದು ಈ ಕೊನೆಯ ಮಾತಿನಲ್ಲಿ. ಸೂಚನೆಯೂ ಅದಕ್ಕೇ.

ತಿರುಗಿಸಿ ಪರೀಕ್ಷಿಸುವ ಈ ಯುಕ್ತಿ ಹಳೆಯದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನಾರ್ಮನ್ ಆಂಡರ್ಸನ್ ತಂಡ ತಿರುಗುತ್ತಿರುವಾಗಲೇ ಹಲವು ರಕ್ತಮಾದರಿಗಳನ್ನು ಓದುವ ಯಂತ್ರ ಕಟ್ಟಿತು. 2017ರಲ್ಲಿ ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ ಗುಂಡಿಗೆ ದಾರ ಪೋಣಿಸಿ ಎಳೆದು ತಿರುಗಿಸುವ ಮಕ್ಕಳ ಆಟಿಕೆಯ ತತ್ವದಲ್ಲೇ ಕಾಗದದ ಸೆಂಟ್ರಿಫ್ಯೂಜ್ ಮಾಡಿ ತೋರಿಸಿತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ಮತ್ತು ಅನ್ವಯಿಕ ಭೌತವಿಜ್ಞಾನ ವಿಭಾಗದಲ್ಲಿ ಸೂಕ್ಷ್ಮನಾಳಗಳಲ್ಲಿ ಹರಿಯುವ ಜೀವಕೋಶಗಳ ಚಿತ್ರ ತೆಗೆದು ಓದುವ ಕೆಲಸ ವರ್ಷಗಳಿಂದ ನಡೆದಿದೆ. ನಮ್ಮ ಪೇಟೆಗೂ ಇದು ಅಪರಿಚಿತವಲ್ಲ, ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಪಿ.ಸಿ.ವಿ., ನೋಡುವ ಲ್ಯಾಬಿನಲ್ಲೂ ಹಾಲಿನ ಫ್ಯಾಟ್ ನೋಡುವ ಡೇರಿಯಲ್ಲೂ ತಿರುಗಿಸಿಯೇ ಅಳೆಯುತ್ತಾರೆ. ಆ ಎರಡರ ಪಾಠ ಮುಂದೆ ಬರುತ್ತದೆ.

ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಏನಾಯಿತು ಎಂದು ಕೇಳುವವರು ಇದನ್ನು ಓದಿ. ಲಿಂಗಸೂಗೂರು ತಾಲ್ಲೂಕು ಸೇರಿ ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನಮ್ಮ ನೆಲದಡಿಯ ಗ್ರಾನೈಟ್ ಕಲ್ಲಿನ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500 ಹೇಳುವ ಪ್ರಕಾರ ಲೀಟರಿಗೆ 1.0 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಈಗ ನಿಜವಾಗಿ 1.4 ಇರುವ ನೀರನ್ನು ತಟ್ಟೆಗೆ ಹಾಕಿದಿರಿ. ಕೋಣೆಯಲ್ಲಿ 11 ಮೈಕ್ರೊಲೀಟರ್ ಇದ್ದದ್ದನ್ನು ಚಿತ್ರ 10 ಎಂದು ಎಣಿಸಿತು. ಉತ್ತರ 1.54 ಬಂತು. ಒಂದು ಊರಿನ ಬೋರ್‌ವೆಲ್ಲಿಗೆ ಕೆಂಪು ಬಣ್ಣ ಬಳಿಯಲು ಇಷ್ಟು ಸಾಕು. ತಪ್ಪು ಇನ್ನೊಂದು ದಿಕ್ಕಿಗೆ ಹೋದರೆ ಕೆಟ್ಟ ನೀರಿಗೆ ಒಳ್ಳೆಯ ಸರ್ಟಿಫಿಕೇಟ್ ಸಿಗುತ್ತದೆ, ಅದು ಇನ್ನೂ ಕೇಡು.

ಆಳ ಅಳೆಯದೆ ಮುಂದೆ ಹೋಗಕೂಡದು

ಕ್ಯಾಮೆರಾಕ್ಕೆ ಕಾಣುವುದು ಉದ್ದ, ಅಗಲ. ಆಳ ಅದಕ್ಕೆ ಕಾಣುವುದಿಲ್ಲ. ಈ ಒಂದು ಮಾತು ತಲೆಯಲ್ಲಿ ಕೂತರೆ ಉಳಿದ ಅರ್ಧ ನಿಯಮಗಳನ್ನು ನೀವೇ ಬರೆದುಕೊಳ್ಳಬಹುದು.

ಲೆಕ್ಕ ಸುಲಭ. ಒಂದು ಘನ ಮಿಲಿಮೀಟರ್ ಎಂದರೆ ಒಂದು ಮೈಕ್ರೊಲೀಟರ್. ಚಿತ್ರದಲ್ಲಿ ಒಂದು ಮಿಲಿಮೀಟರಿಗೆ 20 ಪಿಕ್ಸೆಲ್ ಬಂದರೆ ಒಂದು ಚದರ ಮಿಲಿಮೀಟರಿಗೆ 400 ಪಿಕ್ಸೆಲ್. ದ್ರವ 8,000 ಪಿಕ್ಸೆಲ್ ಹಿಡಿದಿದ್ದರೆ 20 ಚದರ ಮಿಲಿಮೀಟರ್. ಕೋಣೆಯ ಆಳ 0.5 ಮಿಲಿಮೀಟರ್ ಆಗಿದ್ದರೆ ದ್ರವ 10 ಮೈಕ್ರೊಲೀಟರ್. ಇಷ್ಟನ್ನು ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಆದರೆ ಆ 0.5 ಎಲ್ಲಿಂದ ಬಂತು? ಡ್ರಾಯಿಂಗಿನಿಂದ. ತಟ್ಟೆಯ ಎರಡು ಅಕ್ರಿಲಿಕ್ ಹಾಳೆಗಳನ್ನು ಕೂಡಿಸಲು ಕೋಣೆಯ ಆಕಾರಕ್ಕೇ ಕತ್ತರಿಸಿದ, ಎರಡೂ ಬದಿ ಅಂಟುವ ಹಾಳೆ ಹಾಕಿದ್ದೀರಿ. ಅದರ ದಪ್ಪ 0.05 ಮಿಲಿಮೀಟರ್ ಇದ್ದರೆ ನಿಜವಾದ ಆಳ 0.55, ನಿಜವಾದ ದ್ರವ 11. ಮೇಲೆ ಹೇಳಿದ 1.54 ಹುಟ್ಟಿದ್ದು ಇಲ್ಲೇ. ಚಿತ್ರದಲ್ಲಿ ಒಂದು ಪಿಕ್ಸೆಲ್ ಕೂಡ ತಪ್ಪಿಲ್ಲ.

ಆದ್ದರಿಂದ ಅಂಟಿಸಿ ಮುಗಿದ ಮೇಲೆ ಆಳ ಅಳೆಯಿರಿ. ಒಂದೇ ಸಲ ತಯಾರಾದ ಪ್ರತಿ ಕಟ್ಟಿನಿಂದಲೂ ಒಂದೆರಡು ತಟ್ಟೆ ಬಲಿ ಕೊಟ್ಟು, ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿ. ಅದು ಆಗದಿದ್ದರೆ ಗೊತ್ತಿರುವಷ್ಟು ನೀರು ತುಂಬಿ, ಅದು ಹಿಡಿದ ಜಾಗದಿಂದ ಆಳವನ್ನು ಹಿಂದಿನಿಂದ ಲೆಕ್ಕ ಹಾಕಿ. ತಟ್ಟೆ ಮಾಡಿಕೊಟ್ಟವರು ಹೇಳಿದ ಅಂಕಿ ನಂಬಿ ವರದಿ ಬರೆಯಬೇಡಿ. ಲೇಸರಿನಲ್ಲಿ ಕೊರೆದ ಕೋಣೆಯ ತಳ ಸಮತಟ್ಟಾಗಿರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಅಳತೆಗೋಲು ಚಿತ್ರದೊಳಗೇ ಇರಲಿ, ಅದೂ ಕೋಣೆಯ ಮಟ್ಟದಲ್ಲೇ ಇರಲಿ. ತಟ್ಟೆಯ ಮೇಲೆಯೇ 20 ಮಿಲಿಮೀಟರ್ ಅಂತರದ ಎರಡು ಗೆರೆ ಕೊರೆಸಿಬಿಡಿ. ತಟ್ಟೆಯ ಕೆಳಗೆ ಮೇಜಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಫೋಟೋ ತೆಗೆಯುವ ಅಭ್ಯಾಸ ಬಿಡಿ. ಕ್ಯಾಮೆರಾ 200 ಮಿಲಿಮೀಟರ್ ಎತ್ತರದಲ್ಲಿದ್ದು ಸ್ಕೇಲ್ ತಟ್ಟೆಗಿಂತ ಬರೀ 10 ಮಿಲಿಮೀಟರ್ ಕೆಳಗಿದ್ದರೂ ಉದ್ದದಲ್ಲಿ 5 ಪ್ರತಿಶತ, ಕ್ಷೇತ್ರಫಲದಲ್ಲಿ 10 ಪ್ರತಿಶತ ಹೆಚ್ಚು ಬರುತ್ತದೆ. ಕ್ಯಾಮೆರಾ ಓರೆಯಾಗಿ ನಿಲ್ಲಕೂಡದು.

ಅನುಪಾತ ಸಾಕಾಗುವಲ್ಲಿ ಪರಿಮಾಣದ ಹಿಂದೆ ಬೀಳಬೇಡಿ

ಸಿಂಧನೂರಿನ ಯಾವುದೇ ಲ್ಯಾಬಿನಲ್ಲಿ ಪಿ.ಸಿ.ವಿ. ಮಾಡುವುದನ್ನು ನೋಡಿ. ಸಣ್ಣ ಗಾಜಿನ ಕ್ಯಾಪಿಲರಿಗೆ ರಕ್ತ ಏರಿಸಿ, ಒಂದು ತುದಿ ಮುಚ್ಚಿ, ನಿಮಿಷಕ್ಕೆ ಹತ್ತು ಹನ್ನೆರಡು ಸಾವಿರ ಸುತ್ತಿನಲ್ಲಿ ಐದು ನಿಮಿಷ ತಿರುಗಿಸುತ್ತಾರೆ. ಕೆಂಪು ಕಣಗಳ ಕಂಬ ಎಷ್ಟು ಉದ್ದ, ಒಟ್ಟು ಕಂಬ ಎಷ್ಟು ಉದ್ದ, ಭಾಗಿಸಿ. ಕ್ಯಾಪಿಲರಿಯ ರಂಧ್ರ ಎಷ್ಟು ದಪ್ಪ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮೇಲೂ ಕೆಳಗೂ ಅದೇ ರಂಧ್ರ, ಭಾಗಾಕಾರದಲ್ಲಿ ಅದು ಹೊಡೆದುಹೋಗುತ್ತದೆ. ಒಬ್ಬರು ಕ್ಯಾಪಿಲರಿಯನ್ನು ಮುಕ್ಕಾಲು ತುಂಬಿಸಿದರೂ ಇನ್ನೊಬ್ಬರು ಅರ್ಧ ತುಂಬಿಸಿದರೂ ಉತ್ತರ ಬದಲಾಗುವುದಿಲ್ಲ.

ಇನ್ನು ಡೇರಿಗೆ ಬನ್ನಿ. ಗರ್ಬರ್ ಪರೀಕ್ಷೆಯಲ್ಲಿ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಬ್ಯುಟೈರೊಮೀಟರ್ ಎಂಬ ಗಾಜಿನ ನಳಿಕೆಗೆ ಹಾಕಿ ತಿರುಗಿಸುತ್ತಾರೆ. ಕತ್ತಿನಲ್ಲಿ ನಿಂತ ಕೊಬ್ಬಿನ ಕಂಬವನ್ನು ನೇರವಾಗಿ ಶೇಕಡಾ ಎಂದು ಓದುತ್ತಾರೆ. ಕತ್ತಿನ ಮೇಲಿನ ಗೆರೆಗಳನ್ನು ಕೊರೆದಿರುವುದೇ 10.75 ಎಂಬ ಲೆಕ್ಕಕ್ಕೆ. ಪಿಪೆಟ್ಟಿನಲ್ಲಿ ಹಾಲು ಕಡಿಮೆ ಬಿದ್ದರೆ ಫ್ಯಾಟೂ ಕಡಿಮೆ, ರೈತನ ಬಿಲ್ಲೂ ಕಡಿಮೆ. ಇಲ್ಲಿ ಯಾವುದೂ ಹೊಡೆದುಹೋಗುವುದಿಲ್ಲ.

ನಿಮ್ಮ ತಟ್ಟೆ ಈ ಎರಡರಲ್ಲಿ ಯಾವ ಜಾತಿಯದು ಎಂದು ಕೆಲಸ ಶುರುಮಾಡುವ ಮೊದಲೇ ಬರೆದಿಡಿ. ಪಿ.ಸಿ.ವಿ. ಜಾತಿಯದಾದರೆ ಪರಿಮಾಣ ಅಳೆಯುವ ಗೋಜಿಗೇ ಹೋಗಬೇಡಿ. ಗರ್ಬರ್ ಜಾತಿಯದಾದರೆ ಮಾದರಿಯ ಕೋಣೆ, ರಾಸಾಯನಿಕದ ಕೋಣೆ ಎರಡನ್ನೂ ಒಂದೇ ಹಾಳೆಯಲ್ಲಿ, ಒಂದೇ ಆಳಕ್ಕೆ, ಒಂದೇ ಉಪಕರಣದಿಂದ ಕೊರೆಸಿ. ಆಗ ಆಳದ ತಪ್ಪಿನ ಬಹುಪಾಲು ತಾನಾಗಿ ಕಳೆದುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ದುಬಾರಿ ಕ್ಯಾಮೆರಾ ಕೊಳ್ಳುವುದಕ್ಕಿಂತ ಇದು ದೊಡ್ಡ ಸುಧಾರಣೆ. ಖರ್ಚಂತೂ ಇಲ್ಲವೇ ಇಲ್ಲ.

ಓಡುವ ತಟ್ಟೆಗೆ ಮಿಂಚಿನ ಬೆಳಕು ಬೇಕು

ಮೊಬೈಲಿನಲ್ಲಿ ಕ್ಲಿಕ್ಕಿಸಿ ‘ಫೋಟೋ ಚಲೋ ಬಂದೈತ್ರಿ ಸರ’ ಎಂದು ತರುವವರಿಗೆ ಈ ಲೆಕ್ಕ. 3,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 50 ಸುತ್ತು. ನಡುವಿನಿಂದ 40 ಮಿಲಿಮೀಟರ್ ದೂರದ ಬಿಂದು ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಓಡುತ್ತದೆ. ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಆ ಬಿಂದು ಹನ್ನೆರಡೂವರೆ ಮಿಲಿಮೀಟರ್ ಸರಿದಿರುತ್ತದೆ. ಕೋಣೆಯ ಅಗಲವೇ ಐದು ಮಿಲಿಮೀಟರ್. ಚಿತ್ರದಲ್ಲಿರುವುದು ಮಸಿ ಒರೆಸಿದ ಗುರುತು, ದ್ರವವಲ್ಲ. ನಾಲ್ಕು ಮೈಕ್ರೊಸೆಕೆಂಡಿನ ಬೆಳಕು ಕೊಟ್ಟರೆ ಸರಿಯುವುದು 0.05 ಮಿಲಿಮೀಟರ್, ಅಂದರೆ ನಮ್ಮ ಉದಾಹರಣೆಯ ಒಂದು ಪಿಕ್ಸೆಲ್. ಅಲ್ಲಿಗೆ ಸಾಕು.

ಮಾಡಬೇಕಾದ್ದು: ಎಲ್‌ಇಡಿಯನ್ನು ಮೈಕ್ರೊಸೆಕೆಂಡುಗಳ ಮಟ್ಟಿಗೆ ಮಿಂಚಿಸಿ. ತಟ್ಟೆಯ ಅಂಚಿನಲ್ಲಿ ಒಂದು ಗುರುತು ಹಾಕಿ, ಅದು ಸಂವೇದಕದ ಮುಂದೆ ಹಾದಾಗಲೇ ಬೆಳಕು ಹತ್ತುವಂತೆ ಜೋಡಿಸಿ. ಆಗ ಪ್ರತಿ ಸುತ್ತಿನಲ್ಲೂ ಕೋಣೆ ಒಂದೇ ಜಾಗದಲ್ಲಿ ಸಿಗುತ್ತದೆ. ಲ್ಯಾಬು ಕತ್ತಲಾಗಿರಲಿ, ಮಿಂಚುವ ಬೆಳಕೇ ಇಲ್ಲಿ ಶಟರ್.

ಮಾಡಬಾರದ್ದು: ಸಾಲು ಸಾಲಾಗಿ ಓದುವ ಮೊಬೈಲ್ ಕ್ಯಾಮೆರಾವನ್ನು ಹಗಲು ಬೆಳಕಿನಲ್ಲಿ ತಿರುಗುವ ತಟ್ಟೆಗೆ ಹಿಡಿಯಬೇಡಿ. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ತಟ್ಟೆ ತಿರುಗಿ, ನೇರ ಕೋಣೆ ಬಾಗಿದಂತೆ ಕಾಣುತ್ತದೆ. ಇಡೀ ಚಿತ್ರವನ್ನು ಒಟ್ಟಿಗೆ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾ ಉತ್ತಮ. ಕರೆಂಟಿನ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಅವುಗಳ ಬೆಳಕೂ ಬೇಡ. ಆಟೋ ಫೋಕಸ್, ಆಟೋ ಎಕ್ಸ್‌ಪೋಶರ್, ಮುಖ ಬೆಳ್ಳಗೆ ಮಾಡುವ ಸೌಂದರ್ಯದ ಫಿಲ್ಟರ್ ಎಲ್ಲ ಬಂದ್. ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಫೋಟೋ ಎಂದು ಕಳಿಸಬೇಡಿ, ಅದು ಕುಗ್ಗಿಸಿ ಅಂಚು ಮಂಕು ಮಾಡುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಿ.

ಓದುವ ವೇಗ ಒಂದೇ ಇರಲಿ

ತಿರುಗುವಾಗ ದ್ರವದ ಮೇಲ್ಮೈ ನೇರ ಗೆರೆಯಲ್ಲ, ತಟ್ಟೆಯ ನಡುವನ್ನೇ ಕೇಂದ್ರವಾಗಿಟ್ಟುಕೊಂಡ ಕಮಾನು. ಕಂಪ್ಯೂಟರಿಗೆ ನೇರ ಗೆರೆ ಹುಡುಕಲು ಹೇಳಬೇಡಿ, ಕಮಾನು ಹುಡುಕಲು ಹೇಳಿ. ವೇಗ ಇಳಿದಂತೆ ಈ ಕಮಾನು ಕೆಡುತ್ತದೆ. 40 ಮಿಲಿಮೀಟರ್ ದೂರದಲ್ಲಿ 3,000 ಆರ್‌ಪಿಎಂಗೆ ಭೂಮಿಯ ಸೆಳೆತದ 400 ಪಟ್ಟು ಬಲ ಇರುತ್ತದೆ, 1,500ಕ್ಕೆ 100 ಪಟ್ಟು, 300ಕ್ಕೆ ಬರೀ ನಾಲ್ಕು ಪಟ್ಟು. ಅಷ್ಟು ಕಡಿಮೆ ಬಲದಲ್ಲಿ ದ್ರವ ಗೋಡೆಗೆ, ಮೂಲೆಗೆ ಏರಲು ತೊಡಗುತ್ತದೆ. ನಿಲ್ಲಿಸಿದರೆ ಕೋಣೆ ಬಿಟ್ಟು ಕಾಲುವೆಗೇ ಹಿಂದಿರುಗಬಹುದು. ನಿಲ್ಲಿಸಿ ಫೋಟೋ ತೆಗೆಯುವುದು ಸುಲಭ ನಿಜ, ಆದರೆ ಕೂಡದು. ಓದುವುದಕ್ಕೆ ಒಂದು ವೇಗ ಗೊತ್ತುಮಾಡಿ, ಎಲ್ಲ ಚಿತ್ರವೂ ಅದೇ ವೇಗದಲ್ಲಿ. ನಮ್ಮಲ್ಲಿ ವೋಲ್ಟೇಜ್ ಏರಿಳಿತ ಇದ್ದದ್ದೇ. ಮೋಟಾರಿಗೆ ನೇರ ಲೈನ್ ಬೇಡ, ಬ್ಯಾಟರಿ ಅಥವಾ ಸ್ಥಿರ ಡಿ.ಸಿ. ಪೂರೈಕೆ ಕೊಡಿ. ವೇಗವನ್ನು ನಾಬ್ ನೋಡಿ ಬರೆಯಬೇಡಿ, ಸಂವೇದಕ ಎಣಿಸಿದ್ದನ್ನು ಬರೆಯಿರಿ.

ಪಿಕ್ಸೆಲ್ ಎಣಿಸುವಾಗ

ಇಮೇಜ್‌ಜೆ ಉಚಿತ, ಓಪನ್‌ಸಿವಿ ಉಚಿತ. ಸಾಫ್ಟ್‌ವೇರ್ ಇಲ್ಲ ಎಂಬ ನೆಪ ನಡೆಯುವುದಿಲ್ಲ.

ಮೊದಲು ಖಾಲಿ ತಟ್ಟೆಯ ಚಿತ್ರ ತೆಗೆದು, ದ್ರವ ಇರುವ ಚಿತ್ರದಿಂದ ಅದನ್ನು ಕಳೆಯಿರಿ. ಗೀರು, ಅಂಟಿನ ಕಲೆ, ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಎಲ್ಲ ಅಲ್ಲೇ ಹೋಗುತ್ತವೆ. ದ್ರವ ಯಾವುದು, ದ್ರವವಲ್ಲದ್ದು ಯಾವುದು ಎಂಬ ಗಡಿಯನ್ನು ಪ್ರತಿ ಚಿತ್ರಕ್ಕೂ ಕೈಯಿಂದ ಎಳೆದಾಡಬೇಡಿ. ಓಟ್ಸು ವಿಧಾನ ಆ ಗಡಿಯನ್ನು ತಾನೇ ಆರಿಸುತ್ತದೆ, ಆದರೆ ಬೆಳಕು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇದ್ದರೆ ಅದೂ ಮೋಸಹೋಗುತ್ತದೆ. ಬೆಳಕು ಸರಿಮಾಡಿ, ಸೂತ್ರವನ್ನಲ್ಲ. ದ್ರವದ ಅಂಚಿನಲ್ಲಿ ಕಪ್ಪು ಪಟ್ಟಿಯೊಂದು ಕಾಣುತ್ತದೆ, ಮೇಲ್ಮೈ ಬಾಗಿರುವುದರಿಂದ. ಪಟ್ಟಿಯ ಒಳಬದಿಯೋ ನಡುವೋ ಹೊರಬದಿಯೋ, ಯಾವುದಾದರೂ ಒಂದನ್ನು ಆರಿಸಿ ಕೊನೆಯವರೆಗೂ ಬದಲಾಯಿಸಬೇಡಿ.

ಗುಳ್ಳೆ. ಇದಕ್ಕೆ ಕ್ಷಮೆಯಿಲ್ಲ. ‘ರಂಧ್ರ ತುಂಬು’ ಎಂಬ ಆಜ್ಞೆ ಒತ್ತಿದರೆ ಸಾಫ್ಟ್‌ವೇರ್ ಗುಳ್ಳೆಯನ್ನೂ ನೀರೆಂದು ಎಣಿಸುತ್ತದೆ. ಗುಳ್ಳೆ ಇದ್ದ ತಟ್ಟೆಯನ್ನು ಇನ್ನೊಮ್ಮೆ ಜೋರಾಗಿ ತಿರುಗಿಸಿ ಗಾಳಿ ಹೊರಡಿಸಿ. ಹೋಗದಿದ್ದರೆ ಆ ತಟ್ಟೆ ರದ್ದು. ರದ್ದಾದದ್ದನ್ನು ಪುಸ್ತಕದಲ್ಲಿ ಬರೆಯಿರಿ. ಬಣ್ಣ ಕಾಣಲೆಂದು ತಿಂಡಿಯ ಬಣ್ಣ ಬೆರೆಸುವವರು ತೀರಾ ಸ್ವಲ್ಪ ಬೆರೆಸಿ. ಸೋಪಿನ ಅಂಶವಿರುವ ಯಾವುದನ್ನೂ ಸೇರಿಸಬೇಡಿ, ಕಾಲುವೆಯಲ್ಲಿ ದ್ರವವನ್ನು ತಡೆದು ನಿಲ್ಲಿಸುವ ಕವಾಟಗಳನ್ನು ಅದು ದಾಟುವ ವೇಗವೇ ಬದಲಾಗುತ್ತದೆ.

ತಕ್ಕಡಿ ಸುಳ್ಳು ಹೇಳದ ಹಾಗೆ

ಚಿತ್ರ ಹೇಳಿದ್ದನ್ನು ತೂಕದಿಂದ ಪರೀಕ್ಷಿಸಿ. ಹತ್ತು ಮೈಕ್ರೊಲೀಟರ್ ನೀರು ಹತ್ತು ಮಿಲಿಗ್ರಾಂ. ಒಂದು ಮಿಲಿಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿ ಇದಕ್ಕೆ ಆಗದು, ಅಲ್ಲಿ ಕೊನೆಯ ಅಂಕಿ ಹಾರಿದರೆ 10 ಪ್ರತಿಶತ ತಪ್ಪು. 0.1 ಮಿಲಿಗ್ರಾಂ ತೋರಿಸುವುದು ಬೇಕು. ಖಾಲಿ ತಟ್ಟೆ ತೂಗಿ, ನೀರು ಹಾಕಿ ತೂಗಿ, ನಂತರ ಚಿತ್ರ ತೆಗೆಯಿರಿ. 5, 10, 15, 20 ಮೈಕ್ರೊಲೀಟರಿಗೆ, ಪ್ರತಿಯೊಂದಕ್ಕೂ ಕನಿಷ್ಠ ಮೂರು ಬೇರೆ ತಟ್ಟೆಗಳಲ್ಲಿ. ಒಂದೇ ತಟ್ಟೆಯ ಮೂರು ಫೋಟೋ ಮೂರು ಅಳತೆಯಾಗುವುದಿಲ್ಲ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಈ ಕೆಲಸ ಬೇಡ. ಬಿಸಿಲು 40 ಡಿಗ್ರಿ ದಾಟಿದಾಗ ನೀರಿನ ಸಾಂದ್ರತೆ ಇಳಿಯುವುದು ನಿಜ, ಆದರೆ ಅದು 20 ಡಿಗ್ರಿಯ 0.998ರಿಂದ 0.992ಕ್ಕೆ, ಒಂದು ಪ್ರತಿಶತವೂ ಅಲ್ಲ. ನಿಜವಾದ ಕಳ್ಳ ಆವಿ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಹನಿ ನಿಮ್ಮ ಕಣ್ಣೆದುರೇ ಕರಗುತ್ತದೆ, ಬಿಸಿಯಾದ ತಟ್ಟೆ ತಾನೂ ತಿರುಗುತ್ತ ಗಾಳಿ ಬೀಸಿಕೊಳ್ಳುತ್ತದೆ. ಹನಿ ಹಾಕಿದ ತಕ್ಷಣ ತೂತಿಗೆ ಟೇಪ್ ಹಚ್ಚಿ, ಗಾಳಿ ಹೊರಡುವ ಸಣ್ಣ ತೂತು ಮಾತ್ರ ಬಿಡಿ. ಬೆಳಿಗ್ಗೆ ಬೇಗ ಕೆಲಸ ಮುಗಿಸಿ.

ಹಾಕಿದ್ದೇ ಬೇರೆ, ಮುಟ್ಟಿದ್ದೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲೆ ಬಿಟ್ಟ ನೀರೆಲ್ಲ ಕೊನೆಭಾಗದ ಹೊಲಕ್ಕೆ ಬರುವುದಿಲ್ಲ ಎಂದು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ತಟ್ಟೆಯ ಕಾಲುವೆಯಲ್ಲೂ ಹಾಗೆಯೇ ಗೋಡೆಗೆ ಅಂಟಿ, ತಿರುವಿನಲ್ಲಿ ನಿಂತು ಒಂದಿಷ್ಟು ಉಳಿಯುತ್ತದೆ. ಪಿಪೆಟ್ ತೋರಿಸಿದ ಅಂಕಿಯನ್ನು ಕೋಣೆಯ ಅಂಕಿ ಎಂದು ಬರೆಯಬೇಡಿ.

ಸುರಕ್ಷತೆ, ಎರಡು ಮಾತಿನಲ್ಲಿ

ಮುಚ್ಚಳವಿಲ್ಲದೆ ಮೋಟಾರ್ ಹಚ್ಚಕೂಡದು. ಬಿರುಕು ಕಂಡ ಅಕ್ರಿಲಿಕ್ ತಟ್ಟೆ ಬಳಸಕೂಡದು, ಒಡೆದರೆ ಚೂರು ಮುಖಕ್ಕೇ ಬರುತ್ತದೆ. ಒಂದು ಕಡೆ ಮಾತ್ರ ಹನಿ ತುಂಬಿ ತಿರುಗಿಸಬೇಡಿ, ಎದುರು ಕೋಣೆಗೂ ಅಷ್ಟೇ ನೀರು ಹಾಕಿ. ರಕ್ತವಿದ್ದರೆ ಕೈಗವಸು ಕಡ್ಡಾಯ. ರಕ್ತ ತಾಗಿದ ಪ್ಲಾಸ್ಟಿಕ್ ತಟ್ಟೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಕೆಂಪು ಚೀಲಕ್ಕೆ ಹೋಗಬೇಕು, ಪುರಸಭೆಯ ಕಸದ ಗಾಡಿಗಲ್ಲ. ತೊಳೆದು ಮತ್ತೆ ಬಳಸುವ ಯೋಚನೆಯೇ ಬೇಡ.

ನೀವು ಮಾಡಿದ ತಟ್ಟೆಯಿಂದ ಬಂದ ಅಂಕಿಯನ್ನು ರೋಗಿಯ ಕೈಗೆ ವರದಿಯಾಗಿ ಕೊಡಕೂಡದು. ರೋಗ ಪತ್ತೆಯ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮದೊಳಗೆ ಬರುತ್ತವೆ; ಕಾಲೇಜಿನ ಪ್ರಾಜೆಕ್ಟಿಗೆ ಆ ಪರವಾನಗಿ ಇರುವುದಿಲ್ಲ.

ಬರೆದಿಡುವುದು, ಹೇಳುವುದು

ಮೂಲ ಚಿತ್ರ ಅಳಿಸಬೇಡಿ. ಫೈಲಿನ ಹೆಸರಿನಲ್ಲೇ ತಾರೀಖು, ತಟ್ಟೆಯ ನಂಬರ್, ವೇಗ ಇರಲಿ. ಚೆಂದ ಬಂದ ಚಿತ್ರಗಳನ್ನು ಮಾತ್ರ ಆರಿಸಿ ಸರಾಸರಿ ತೆಗೆಯುವವರಿಗೆ ಸಹಿ ಸಿಗುವುದಿಲ್ಲ. ಉತ್ತರವನ್ನು ‘10.2437 ಮೈಕ್ರೊಲೀಟರ್’ ಎಂದು ಬರೆದು ತರಬೇಡಿ. ಒಂದು ಪಿಕ್ಸೆಲ್ ಅಂಚು ಸರಿದರೆ ಎಷ್ಟು ಬದಲಾಗುತ್ತದೆ ನೋಡಿ. ಐದು ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ಆಳದ ಕೋಣೆಯಲ್ಲಿ 0.05 ಮಿಲಿಮೀಟರಿನ ಒಂದು ಪಿಕ್ಸೆಲ್ ಎಂದರೆ 0.125 ಮೈಕ್ರೊಲೀಟರ್. ಅಷ್ಟರ ಮೇಲೆ ದಶಮಾಂಶಕ್ಕೆ ಬೆಲೆಯಿಲ್ಲ. ಹೆಚ್ಚುಕಡಿಮೆ ಎಷ್ಟು ಎಂಬುದನ್ನು ಪಕ್ಕದಲ್ಲೇ ಬರೆಯಿರಿ.

ನೀರಿನ ಫ್ಲೋರೈಡ್ 1.5ರ ಆಸುಪಾಸಿನಲ್ಲಿ ಬಂದರೆ ಊರಿನವರಿಗೆ ಏನನ್ನೂ ಹೇಳುವ ಮೊದಲು ಅದೇ ಬೋರ್‌ವೆಲ್ಲಿನ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ. ಅಲ್ಲಿಂದ ಉತ್ತರ ಬರುವವರೆಗೆ ನಿಮ್ಮ ತಟ್ಟೆಯ ಅಂಕಿ ನಿಮ್ಮ ಪುಸ್ತಕದಲ್ಲೇ ಇರಲಿ.